ವಗ್ದಿಯವರು ಆರಿಸಿಕೊಟ್ಟ ಕಂಪ್ರೆಸರ್

ಅಲೆಕ್ಸಾಂಡ್ರಿಯಾದ ನಮ್ಮ ಕೂಟದಲ್ಲಿ ಪುಟ್ಟ ಮಾದರಿ ಹಡಗುಗಳನ್ನು ಕಟ್ಟುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಬಣ್ಣ ಮಾತ್ರ ಕುಂಚದಲ್ಲಿ ಒಲಿಯಲಿಲ್ಲ. ಏರ್‌ಬ್ರಷ್ ಕೊಂಡಾಗ, ಬಣ್ಣ ಸಿಂಪಡಿಸಲು ಅದಕ್ಕೆ ಗಾಳಿ ಒದಗಿಸುವ ಯಾವ ಕಂಪ್ರೆಸರ್ ಸರಿಯೆಂದು ವಗ್ದಿಯವರನ್ನು ಕೇಳಿದೆ. ಅಪ್ಪ ಸತ್ತ ಮೇಲೆ ನನಗೆ ಈ ಕೆಲಸ ಕಲಿಸಿದವರು ಅವರೇ.

“ಗಾಳಿ ಟ್ಯಾಂಕ್ ಇರೋದು ನಿನಗ್ಯಾಕೆ ಮಗಳೇ? ಅದು ಕಾರಿಗೆ ಬಣ್ಣ ಹೊಡೆಯೋರಿಗೆ. ಚಿಕ್ಕದು ಸಾಕು.”

ಚಿಕ್ಕದನ್ನೇ ತಂದೆ. ಬಣ್ಣ ಬಿಕ್ಕಳಿಸಿದಂತೆ ಬರುತ್ತಿತ್ತು. ನಡುವೆ ನೀರಿನ ಹನಿ ಉಗುಳಿ, ಮೂರು ತಿಂಗಳು ಕಟ್ಟಿದ ಹಡಗಿನ ಮೈಗೆ ಸಿಡುಬು ಎದ್ದಂತಾಯಿತು. ವಗ್ದಿಯವರು ಬಂದು ನನ್ನ ಬೆರಳು ಹಿಡಿದು ನೋಡಿದರು.

“ಯಂತ್ರದ್ದೇನೂ ತಪ್ಪಿಲ್ಲ ಇಲ್ಹಾಮ್. ನಿನ್ನ ಕೈ ನಡುಗುತ್ತೆ. ಕಟ್ಟೋದು ನೀನು ಕಟ್ಟು, ಬಣ್ಣ ನಂಗೆ ಬಿಡು.”

ನಂಬಿದೆ. ಎರಡು ವರ್ಷದಲ್ಲಿ ಐದು ಹಡಗು ಕಟ್ಟಿ ಅವರ ಮನೆಗೆ ಹೊತ್ತೆ. ಪ್ರದರ್ಶನದ ಚೀಟಿಯಲ್ಲಿ ಅವರ ಹೆಸರಷ್ಟೇ ಇರುತ್ತಿತ್ತು. ಕೊನೆಯ ಕೈ ಯಾರದೋ ಹೆಸರೂ ಅವರದೇ, ಅದು ರೂಢಿ ಎನ್ನುತ್ತಿದ್ದರು.

ಈ ಚಳಿಗಾಲದಲ್ಲಿ, ಮೂಲೆ ಸೇರಿದ್ದ ಕಂಪ್ರೆಸರನ್ನು ಮಾರಿಬಿಡೋಣವೆಂದು ಹಳೆ ಉಪಕರಣಗಳ ವ್ಯಾಪಾರಿ ಶಹಾತನ ಅಂಗಡಿಗೆ ಒಯ್ದೆ. ಅವನು ನಕ್ಕ.

“ಇದನ್ನ ಯಾರಮ್ಮ ಕೊಡಿಸಿದ್ದು? ಗಾಳಿ ನಿಲ್ಲೋಕೆ ಟ್ಯಾಂಕೇ ಇಲ್ಲ, ಅದಕ್ಕೇ ಬಿಕ್ಕುತ್ತೆ. ಸಮುದ್ರದ ಊರಲ್ಲಿ ಗಾಳೀಲಿರೋ ನೀರು ಹಿಡಿಯೋ ಬಟ್ಟಲೂ ಬೇಕು. ನಿಮ್ಮ ಕೂಟದ ವಗ್ದಿ ಸಾಹೇಬ್ರನ್ನ ಕೇಳ್ಬಾರ್ದಿತ್ತಾ? ಅವ್ರು ಇಂಥದ್ದನ್ನೇ ನನ್ನ ತಲೆಗೆ ಕಟ್ಟಿ, ಟ್ಯಾಂಕಿರೋದು ಒಯ್ದು ಏಳು ವರ್ಷ ಆಯ್ತು!”

ಟ್ಯಾಂಕಿರುವುದನ್ನೇ ಕೊಂಡೆ. ಹಳೆಯ ರಟ್ಟಿನ ಮೇಲೆ ಬಣ್ಣ ಬಿಟ್ಟೆ. ಮಂಜು ಕೂತಂತೆ ಕೂತಿತು. ನನ್ನ ಕೈ ನಡುಗಲಿಲ್ಲ. ಖುಷಿಪಡಬೇಕಾದವಳು ಅಲ್ಲೇ ಕೂತು ಅತ್ತೆ.

ಮರುದಿನ ಹೋದಾಗ ವಗ್ದಿಯವರು ಚಹಾ ಸೋಸುತ್ತಿದ್ದರು.

“ನಿಮಗೆ ಗೊತ್ತಿತ್ತು,” ಎಂದೆ.

ಸೋಸುವ ಜಾಲರಿ ಕೆಳಗಿಟ್ಟರು. “ಗೊತ್ತಿತ್ತು. ಹಡಗು ಕಟ್ಟೋ ಸಣ್ಣ ಕೆಲಸ ನನ್ನ ಕಣ್ಣಿಗೆ ಈಗ ಆಗಲ್ಲ. ಬಣ್ಣಾನೂ ಕಲಿತುಬಿಟ್ರೆ ನೀನು ಯಾಕೆ ಬರ್ತಿದ್ದೆ?”

“ಬರ್ತಿದ್ದೆ ಉಸ್ತಾದ್. ಸುಮ್ನೆ ಚಹಾ ಕುಡಿಯೋಕಾದ್ರೂ ಬರ್ತಿದ್ದೆ.”

ಬಣ್ಣಕ್ಕೆಂದು ಮೊದಲೇ ಕೊಟ್ಟು ಅವರ ಮೇಜಿನ ಮೇಲಿದ್ದ ನನ್ನ ಆರನೆಯ ಹಡಗನ್ನು, ಇನ್ನೂ ಬಣ್ಣವಿಲ್ಲದ್ದನ್ನು, ಎತ್ತಿಕೊಂಡು ಮೆಟ್ಟಿಲಿಳಿದೆ.

ವಸಂತದ ಪ್ರದರ್ಶನದಲ್ಲಿ ಅದು ನನ್ನ ಬಣ್ಣ, ನನ್ನ ಹೆಸರು ಹೊತ್ತು ನಿಂತಿತು. ನೋಡಿದವರೆಲ್ಲ ಒಂದೇ ಮಾತು: “ಬಣ್ಣ ವಗ್ದಿಯವರದೇ ಅಲ್ವಾ?” ಅಲ್ಲವೆಂದರೆ ನಗುತ್ತಿದ್ದರು. ಮೂರು ಹೆಜ್ಜೆ ಆಚೆ ನಿಂತಿದ್ದ ವಗ್ದಿಯವರು ಎಲ್ಲವನ್ನೂ ಕೇಳಿಸಿಕೊಂಡರು, ಬಾಯಿ ಬಿಡಲಿಲ್ಲ.