ನಗೋಯಾದ ಬಾಗಿಲಲ್ಲಿ

ಜಪಾನಿನ ನಗೋಯಾಕ್ಕೆ ತರಬೇತಿಗೆಂದು ಹೋದ ನಮ್ಮ ಪೀಣ್ಯದ ಫ್ಯಾಕ್ಟರಿ ತಂಡದಲ್ಲಿ ಹೆಂಗಸು ಅಂತ ಇದ್ದವಳು ನಾನೊಬ್ಬಳೇ, ಮಹಾದೇವಿ. ಹಾಗಾಗಿ ನನ್ನ ಮೇಲೆ ಕಣ್ಣಿಡುವ ಕೆಲಸವನ್ನು ಸೂಪರ್‌ವೈಸರ್ ಕೃಷ್ಣ ಸಾರ್ ತಾವಾಗಿಯೇ ಮೈಮೇಲೆ ಎಳೆದುಕೊಂಡಿದ್ದರು. ರಜೆಯ ದಿನ ಎಲ್ಲರೂ ಒಟ್ಟಿಗೆ ಚಾಕೊಲೇಟು ಕೊಳ್ಳಲು ಹೋಗುವುದೆಂದು ಅವರೇ ತೀರ್ಮಾನಿಸಿದರು. ನಾನು ಬರುವುದಿಲ್ಲ, ಸಂಜೆ ಒಂದು ಬ್ಯಾಂಡಿನ ಕಾರ್ಯಕ್ರಮವಿದೆ, ಟಿಕೆಟ್ ಬೆಂಗಳೂರಲ್ಲೇ ತೆಗೆದಾಗಿದೆ ಅಂದೆ. ಮುಖ ಹುಳ್ಳಗೆ ಮಾಡಿಕೊಂಡರು. ಮದುವೆಗೆ ಬಂದ ಮಗಳಿರುವವಳಿಗೆ ಇದೆಲ್ಲ ಯಾಕೆ ಎಂದು ಕೇಳಿದರು. ಬ್ಯಾಂಡಿನ ಹುಚ್ಚು ಮಗಳಿಗಿಲ್ಲ, ಇರುವುದು ನನಗೆ ಅಂದೆ.

ಆ ಹುಚ್ಚು ಹಿಡಿದದ್ದು ಪೀಣ್ಯದಲ್ಲೇ. ಹೊಸ ಯಂತ್ರ ಕೂರಿಸಲು ಬಂದಿದ್ದ ಜಪಾನಿ ಎಂಜಿನಿಯರ್ ಊಟದ ಹೊತ್ತಿಗೆ ಫೋನಿನಲ್ಲಿ ಹಾಡು ಹಾಕುತ್ತಿದ್ದ. ಹೆಂಗಸರದೇ ಬ್ಯಾಂಡು. ಮಾತು ಒಂದೂ ತಿಳಿಯದು. ಆದರೆ ಡ್ರಮ್ ಬಾರಿಸುವವಳ ಪೆಟ್ಟು ನಮ್ಮ ಪ್ರೆಸ್ ಯಂತ್ರದ ಹಾಗೆ ತಪ್ಪದೆ ಬೀಳುತ್ತಿತ್ತು. ಅವನು ವಾಪಸು ಹೋದ ಮೇಲೂ ಬಾಗಲಗುಂಟೆಯ ಬಾಡಿಗೆ ಮನೆಯಲ್ಲಿ ಅದನ್ನೇ ಹಾಕಿಕೊಂಡು ರೊಟ್ಟಿ ಬಡಿದೆ.

ಇನ್ನೊಂದು ಕಿಚ್ಚೂ ಇತ್ತು. ನಮ್ಮಪ್ಪ ಕೊಪ್ಪಳದ ಕಡೆಯಿಂದ ಬಂದ ಗಾರೆ ಕೆಲಸದವನು. ವೈಟ್‌ಫೀಲ್ಡಿನಲ್ಲಿ ತಾನೇ ಗೋಡೆ ಕಟ್ಟಿದ್ದ ಸಭಾಂಗಣದಲ್ಲಿ ಮೊದಲ ಸಂಗೀತ ಕಾರ್ಯಕ್ರಮ ನಡೆದಾಗ, ಒಗೆದ ಅಂಗಿ ಹಾಕಿಕೊಂಡು ನನ್ನ ಕೈ ಹಿಡಿದು ಹೋಗಿದ್ದ. ಗೇಟಿನವರು ಅವನನ್ನು ಮೇಲಿಂದ ಕೆಳಗೆ ನೋಡಿ, ಏಯ್ ಎಂದು ಗದರಿಸಿ ಹೊರಗೇ ನಿಲ್ಲಿಸಿದರು. ಕಾಂಪೌಂಡಿನಾಚೆ ನಿಂತು ಕೇಳಿದೆವು. ಅಪ್ಪ ತಲೆದೂಗುತ್ತಾ ಕೇಳಿದ. ನನಗೆ ಮಾತ್ರ ಹೊಟ್ಟೆ ಉರಿದುಹೋಯಿತು, ಇವತ್ತಿಗೂ ಉರಿಯುತ್ತದೆ.

ಒಬ್ಬಳನ್ನೇ ಬಿಡಲಾರದೆ ಕೃಷ್ಣ ಸಾರ್ ಗೊಣಗುತ್ತಾ ಸಭಾಂಗಣದ ಬಾಗಿಲವರೆಗೂ ಬಂದರು. ಅಲ್ಲಿ ಟಿಕೆಟ್ಟಿನ ಹೆಸರನ್ನೂ ಪಾಸ್‌ಪೋರ್ಟಿನ ಹೆಸರನ್ನೂ ತಾಳೆ ನೋಡುತ್ತಿದ್ದರು. ನನ್ನದು ತಾಳೆಯಾಗಲಿಲ್ಲ. ಪಾಸ್‌ಪೋರ್ಟಿನಲ್ಲಿ ಬರೀ ಮಹಾದೇವಿ. ನಮಗೆಲ್ಲಿಯ ಮನೆತನದ ಹೆಸರು? ಟಿಕೆಟ್ ತೆಗೆಯುವಾಗ ಎರಡನೇ ಹೆಸರು ಕೊಡದೆ ಫೋನು ಮುಂದಕ್ಕೇ ಹೋಗಲಿಲ್ಲ. ಶಾಲೆಯಲ್ಲಿ ಬರೆಯುತ್ತಿದ್ದಂತೆ ಅಪ್ಪನ ಹೆಸರು ಸೇರಿಸಿದ್ದೆ. ಬಾಗಿಲ ಹುಡುಗಿ ಬಗ್ಗಿ ಬಗ್ಗಿ ಕ್ಷಮೆ ಕೇಳಿದಳು, ಒಳಗೆ ಮಾತ್ರ ಬಿಡಲಿಲ್ಲ.

"ಬಾರಮ್ಮ, ಹೋಗೋಣ. ಬೇರೆ ದೇಶ ಇದು, ಜಗಳ ಗಿಗಳ ಬೇಡ," ಅಂದರು ಕೃಷ್ಣ ಸಾರ್.

"ನೀವು ಹೋಗ್ರಿ ಸಾರ್. ನಾ ಇವತ್ತು ಹೊರಗ ನಿಂತು ಕೇಳಂಗಿಲ್ಲ."

ಹೇಳುವುದೇನೋ ಹೇಳಿಬಿಟ್ಟೆ, ಮುಂದಿನ ದಾರಿ ಹೊಳೆಯಲಿಲ್ಲ. ಜನ ನನ್ನನ್ನು ದಾಟಿ ಒಳಗೆ ಹೋಗುತ್ತಲೇ ಇದ್ದರು. ಪಾಸ್‌ಪೋರ್ಟನ್ನು ತಿರುವಿಹಾಕಿದೆ. ಕೊನೆಯ ಪುಟದಲ್ಲಿ ಅಪ್ಪನ ಹೆಸರಿತ್ತು. ಅದರ ಮೇಲೆ ಬೆರಳಿಟ್ಟು, ಫಾದರ್, ಫಾದರ್ ಅಂದೆ. ಹುಡುಗಿ ಒಬ್ಬ ಹಿರಿಯರನ್ನು ಕರೆತಂದಳು. ಅವರು ಕನ್ನಡಕ ಏರಿಸಿ, ಪುಟವನ್ನೂ ಟಿಕೆಟ್ಟನ್ನೂ ಅಕ್ಷರ ಅಕ್ಷರವಾಗಿ ನೋಡಿದರು. ಆಮೇಲೆ ನೆಟ್ಟಗೆ ನಿಂತು, ತಲೆಬಾಗಿ, "ನರಸಪ್ಪ ಸಾನ್" ಎಂದು ಒಳಗೆ ಕೈ ತೋರಿಸಿದರು. ನಾವು ಹೆಸರಿನ ಕೊನೆಗೆ 'ಅವರು' ಸೇರಿಸುವಂತೆ ಅವರು 'ಸಾನ್' ಸೇರಿಸುತ್ತಾರೆ.

ಡ್ರಮ್ಮಿನ ಮೊದಲ ಪೆಟ್ಟು ಎದೆಗೇ ಬಿತ್ತು. ಎಲ್ಲರೂ ಎದ್ದು ಕುಣಿದರು. ನಾನೂ ಕುಣಿದೆ, ತಿಳಿಯದ ಮಾತನ್ನು ಗಂಟಲು ಕಟ್ಟುವಷ್ಟು ಹಾಡಿದೆ, ನಾಚಿಕೆಯಿಲ್ಲದೆ ಅತ್ತೆ. ಅಷ್ಟು ಖುಷಿ ನನಗೆ ಇನ್ಯಾವತ್ತೂ ಆಗಿರಲಿಲ್ಲ.

ಮುಗಿದ ಕೂಡಲೇ ಅಪ್ಪನಿಗೆ ಫೋನು ಮಾಡಿದೆ. ಹಾಡು ಹೇಗಿತ್ತೆಂದು ಅವನು ಕೇಳಲಿಲ್ಲ.

"ಒಳಗ ಬಿಟ್ರೇನವಾ?"

"ಬಿಟ್ರಪಾ. ನಿನ್ ಹೆಸರು ಹೇಳಿ ಕರದ್ರು."



"ಏನಂತ ಕರದ್ರು?"

"ನರಸಪ್ಪನವರ, ಬರ್ರಿ ಅಂತ."