ಚಹಾದ ಹೊತ್ತಿನ ಧಾರಣೆ

ಆ ಬೀದಿಯ ದಿನಸಿಗೆ ಬೆಲೆ ಹುಟ್ಟುತ್ತಿದ್ದುದು ಚಹಾದ ಹೊತ್ತಿಗೆ. ಸೋಮವಾರ ಬೆಳಿಗ್ಗೆ, ಬಾಗಿಲು ತೆಗೆಯುವ ಮುಂಚೆ, ಅಂಗಡಿಯವರೆಲ್ಲ ದೊಡ್ಡಂಗಡಿಯ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದರು. ಅಲ್ಲಿನ ಯಜಮಾನರು ಲೋಟ ಕೆಳಗಿಟ್ಟು ಹೇಳಿದ್ದೇ ವಾರದ ಧಾರಣೆ. ಅದಕ್ಕಿಂತ ಕಡಿಮೆಗೆ ಮಾರಿದರೆ ಅಣ್ಣತಮ್ಮಂದಿರ ಹೊಟ್ಟೆಗೆ ಹೊಡೆದಂತೆ ಎಂಬುದು ಹಿರಿಯರ ನಂಬಿಕೆ. ಮೂಲೆಯಂಗಡಿಯ ಮುದುಕರು ಮೊಣಕಾಲು ಕೈಕೊಡುವವರೆಗೆ ಒಂದು ವಾರವೂ ತಪ್ಪಿಸಿದವರಲ್ಲ. ಮಗ ತೀರಿಕೊಂಡ ಮೇಲೆ ಅಂಗಡಿ ನಡೆಸುತ್ತಿದ್ದ ಸೊಸೆಯೇ ಈಗ ಚಹಾಕ್ಕೂ ಹೋಗುತ್ತಿದ್ದಳು.

ಆ ತಿಂಗಳು ಸರ್ಕಾರ ಅಡುಗೆ ಎಣ್ಣೆಯ ಸುಂಕ ಇಳಿಸಿತು. ಸಗಟು ಬೆಲೆಯೂ ಇಳಿಯಿತು. ಅಂಗಡಿಗಳು ಮಾತಾಡಿಕೊಂಡು ಬೆಲೆ ಕಟ್ಟುವುದು ಅಪರಾಧವೆಂಬ ಕಾನೂನು ಮೊದಲೇ ಇತ್ತು. ಬೀದಿಯ ಬೆಲೆ ಮಾತ್ರ ಕದಲಲಿಲ್ಲ.

ಲೀಟರ್ ಎಣ್ಣೆ ಕೊಳ್ಳುತ್ತಿದ್ದ ಪಕ್ಕದ ಮನೆಯ ಹೊಲಿಗೆಯಾಕೆ ಕಾಲು ಲೀಟರಿಗೆ ಇಳಿದಿದ್ದಳು. "ಬೀದಿ ಪೂರ್ತಿ ಸುತ್ತಿ ಬಂದೆ ಕಣಮ್ಮ, ಎಲ್ಲರ ಬಾಯಲ್ಲೂ ಒಂದೇ ಮಾತು. ಮಕ್ಕಳಿಗೆ ಬರೀ ಬೇಯಿಸಿ ಹಾಕ್ತಿದೀನಿ. ಮೈಗೆ ಒಳ್ಳೇದಂತೆ," ಎಂದು ನಕ್ಕಳು. ಸೊಸೆಗೆ ನಗು ಬರಲಿಲ್ಲ.

"ಎಣ್ಣೆ ಇಳಿಸೋಣ," ಎಂದಳು ಮುಂದಿನ ಸೋಮವಾರ.

"ಹಳೇ ಸರಕು ಮುಗೀಲಿ," ಎಂದರು ಯಜಮಾನರು.

"ಏರಿದಾಗ ಹಳೇ ಸರಕಿಗೂ ಅವತ್ತೇ ಏರಿಸಿದ್ವಲ್ಲ, ದೊಡ್ಡಪ್ಪ. ಹೀಗೆ ಮಾತಾಡ್ಕೊಂಡು ಬೆಲೆ ಕಟ್ಟೋದು ಕಾನೂನಿಗೂ ತಪ್ಪು."

ಯಜಮಾನರು ಲೋಟ ಕೆಳಗಿಟ್ಟರು.

"ಕಾನೂನು ಪೇಪರಲ್ಲಿರತ್ತೆ ತಾಯಿ, ನಾವು ಬೀದೀಲಿರ್ತೀವಿ. ಕಡಿಮೆಗೆ ಮಾರಿ ನೋಡು, ಸಗಟಿನ ಗಾಡಿ ನಿನ್ನ ಬಾಗಿಲಲ್ಲಿ ನಿಲ್ಲಲ್ಲ. ಮಗಳ ಮದುವೆಗೂ ಒಬ್ಬರು ಬರಲ್ಲ."

"ಅವಳಿಗಿನ್ನೂ ಹಾಲುಹಲ್ಲೇ ಬಿದ್ದಿಲ್ಲ. ಊಟದ ಖರ್ಚು ಉಳೀತು ಬಿಡಿ."

ಅಂಗಡಿಗೆ ಬಂದವಳೇ ಹಲಗೆಯ ಮೇಲೆ ಇಳಿದ ಬೆಲೆ ಬರೆದಳು. ಮುದುಕರು ಕಂಗಾಲಾದರು. "ನಾನು ಒಂದು ದಿನವೂ ಬೀದಿ ಮಾತು ಮೀರಿದವನಲ್ಲ."

"ಕೊಳ್ಳೋರೂ ಇದೇ ಬೀದಿಯೋರಲ್ವಾ ಮಾವ? ಅವರನ್ನ ಒಂದು ಸಲವಾದ್ರೂ ಚಹಾಕ್ಕೆ ಕರೆದಿದ್ರಾ?"

ಮುದುಕರು ಕನ್ನಡಕ ಹಾಕಿಕೊಂಡು ಹಲಗೆಯ ಬೆಲೆಯನ್ನು ಮತ್ತೊಮ್ಮೆ ಓದಿದರು.

ಗುರುವಾರ ಸಗಟಿನ ಗಾಡಿ ನಿಲ್ಲದೆ ಮುಂದೆ ಹೋಯಿತು. ಸೊಸೆ ತಳ್ಳುಗಾಡಿ ಹೊರಗೆಳೆದಳು. "ಊರಾಚೆ ಇನ್ನೊಂದು ಸಗಟು ಮಂಡಿ ಇದೆ, ನಾನೇ ತರ್ತೀನಿ. ನೀವು ಗಲ್ಲಾದಲ್ಲಿ ಕೂತಿರಿ."

"ಯಾರಾದ್ರೂ ಬೆಲೆ ಕೇಳಿದ್ರೆ?"

"ನಿಮಗೆ ಸರಿ ಅನ್ನಿಸಿದ್ದು ಹೇಳಿ."

ದೊಡ್ಡಂಗಡಿಯ ಮೆಟ್ಟಿಲ ಮೇಲೆ ಯಜಮಾನರು ನಿಂತಿದ್ದರು. ಅವಳ ತಲೆಯ ಮೇಲಿಂದ ಮುದುಕರಿಗೆ ಕೂಗಿದರು: "ಏನಯ್ಯಾ, ಸೊಸೆ ಕೈಲಿ ಗಾಡಿ ತಳ್ಳಿಸ್ತಿದೀಯಲ್ಲ. ನಿಮ್ಮ ಅಂಗಡೀಲಿ ಎಣ್ಣೆ ಎಷ್ಟು? ನಿನ್ನ ಬಾಯಲ್ಲೇ ಕೇಳೋಣ."

ಸೊಸೆ ಗಾಡಿ ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ. ಬೆನ್ನ ಹಿಂದೆ ಗಲ್ಲಾದ ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಮುದುಕರ ದನಿ, ಬೀದಿಯ ಆ ತುದಿಗೂ ಕೇಳುವ ಹಾಗೆ, ಇಳಿದ ಬೆಲೆಯನ್ನೇ ಕೂಗಿ ಹೇಳಿತು.