ಟಿವಿಯೊಳಗಿನ ಲುತ್ಫಿ

ರಂಜಾನ್ ತಿಂಗಳಲ್ಲಿ ಯಾವ ಚಾನೆಲ್ಲಿನಲ್ಲಿ ಯಾವ ಧಾರಾವಾಹಿ ಬರುತ್ತದೆ ಎಂಬ ಪಟ್ಟಿ ಪತ್ರಿಕೆಯಲ್ಲಿ ಬಂದ ದಿನ ನನಗೆ ಊಟ ಸೇರಲಿಲ್ಲ. ‘ಒದ್ದೆ ಗೋಡೆ’ ಎಂಬ ಹೆಸರು ಎಲ್ಲಕ್ಕಿಂತ ಮೇಲಿತ್ತು. ಅದೇ ಹೆಸರಿನ ಕಾದಂಬರಿಯನ್ನು ಧಾರಾವಾಹಿ ಮಾಡಿದ್ದರು. ಬರೆದವರು ಹಮ್ಮಾದಿ ವಸ್ಲಾತಿ, ನನ್ನ ಅಣ್ಣ ಲುತ್ಫಿಯ ಜೊತೆ ಒಂದೇ ಜೈಲುಕೋಣೆಯಲ್ಲಿದ್ದವರು. ಅದರಲ್ಲಿ ಸಾಬಿರ್ ಎಂಬ ಹುಡುಗ ಬರುತ್ತಾನೆ. ಹೆಸರು ಬೇರೆ ಅಷ್ಟೆ, ಅವನು ನನ್ನ ಅಣ್ಣ.

ಸರ್ಕಾರದ ವಿರುದ್ಧದ ಗುಂಪಿನಲ್ಲಿದ್ದಾನೆಂದು ಪೊಲೀಸರು ಲುತ್ಫಿಯನ್ನು ಹಿಡಿದುಕೊಂಡು ಹೋದಾಗ ಅವನು ಕಾಲೇಜಿನಲ್ಲಿದ್ದ. ನನಗೆ ಹದಿನೇಳು. ಹದಿನಾಲ್ಕು ತಿಂಗಳು ನಮ್ಮ ಉಮ್ಮ ಪ್ರತಿ ಮಂಗಳವಾರ ಬುತ್ತಿಬುಟ್ಟಿ ಹೊತ್ತುಕೊಂಡು ನಮ್ಮೂರು ಕೆಫ್‌ನಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಜೈಲಿಗೆ ಹೋದಳು. ಒಂದು ಮಂಗಳವಾರ ಬುಟ್ಟಿಯನ್ನು ಹಾಗೇ ವಾಪಸು ಕೊಟ್ಟರು. ಹುಡುಗ ಉಬ್ಬಸದಿಂದ ತೀರಿಕೊಂಡ ಎಂದರು. ಅವನಿಗೆ ಇಪ್ಪತ್ತೆರಡು ತುಂಬಿ ಹನ್ನೊಂದು ದಿನವಾಗಿತ್ತು. ಮಣ್ಣು ಮಾಡುವಾಗ ಗೋರಿಯ ಸುತ್ತ ನಮ್ಮವರಿಗಿಂತ ಪೊಲೀಸರೇ ಹೆಚ್ಚಿದ್ದರು. ಆಮೇಲೆ ಇಪ್ಪತ್ತು ವರ್ಷ ಆ ಹೆಸರನ್ನು ಮನೆಯ ಹೊರಗೆ ಯಾರೂ ಎತ್ತಲಿಲ್ಲ.

ಆ ಸರ್ಕಾರ ಬಿದ್ದ ಮಾರನೇ ವರ್ಷ ಹಮ್ಮಾದಿ ನಮ್ಮನೆಗೆ ಬಂದರು. ತಲೆ ನೆರೆತ, ಬಲಗಾಲು ಎಳೆದು ನಡೆಯುವ ಮನುಷ್ಯ. ಉಮ್ಮ ಅವರಿಗೆ ಕುಸ್ಕುಸ್ ಬಡಿಸಿ, ತಿನ್ನುವುದನ್ನೇ ನೋಡುತ್ತ ಕೂತಿದ್ದಳು. ಹೋಗುವಾಗ ಅವರು ಬಾಗಿಲ ಬಳಿ ನನ್ನ ಕೈಗೆ ಪುಸ್ತಕ ಕೊಟ್ಟು, “ಮೊದಲು ನೀನು ಓದು ತಂಗಿ. ಆಮೇಲೆ ನಿನಗೆ ತೋಚಿದ ಹಾಗೆ ಮಾಡು” ಎಂದರು.

ಎರಡು ದಿನ ಶಾಲೆಗೆ ರಜೆ ಹಾಕಿ ಓದಿದೆ. ಆಮೇಲೆ ಪೆಟ್ಟಿಗೆಯಲ್ಲಿ ಚಳಿಗಾಲದ ಕಂಬಳಿಗಳ ಕೆಳಗೆ ಇಟ್ಟುಬಿಟ್ಟೆ.

“ಏನು ಬರ್ದಿದಾನೆ?” ಉಮ್ಮ ಕೇಳಿದಳು.

“ಒಳ್ಳೇದನ್ನೇ ಬರ್ದಿದಾರೆ ಉಮ್ಮಾ.”

ಅವಳಿಗೆ ಓದು ಬಾರದು. ಇಪ್ಪತ್ತು ವರ್ಷದಿಂದ ನಾನು ಊರಿನ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದೇನೆ, ಅವಳಿಗೆ ಮಾತ್ರ ಕಲಿಸಲಿಲ್ಲ. ಪುಸ್ತಕ ಮನೆಗೆ ಬಂದ ಮೇಲಂತೂ, ಕಲಿಸದೇ ಇದ್ದದ್ದೇ ಒಳ್ಳೆಯದಾಯಿತು ಅನಿಸಿತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಪುಸ್ತಕ ಬಂದು ಆರು ವರ್ಷದ ಮೇಲೆ, ಧಾರಾವಾಹಿ ಶುರುವಾಗುವ ಹಿಂದಿನ ದಿನ ನನ್ನ ತಮ್ಮ ಮುನ್ಸಿಫ್ ತನ್ನ ಮನೆಯ ದೊಡ್ಡ ಟಿವಿಯನ್ನೇ ಹೊತ್ತು ತಂದು ಉಮ್ಮನ ಕೋಣೆಯಲ್ಲಿ ಕೂರಿಸಿದ. ಅವನಿಗೆ ಬಸ್‌ನಿಲ್ದಾಣದ ಹತ್ತಿರ ಟೈರಿನ ಅಂಗಡಿಯಿದೆ. ಅಣ್ಣ ಸತ್ತಾಗ ಅವನಿಗೆ ಒಂಬತ್ತು ವರ್ಷ.

ಅಡುಗೆಮನೆಗೆ ಕರೆದು ಹೇಳಿದೆ. “ಬೇಡ ಮುನ್ಸಿಫ್. ಅದ್ರಲ್ಲಿ ಹೊಡೆಯೋದು ಬಡಿಯೋದು ಎಲ್ಲಾ ಇದೆ. ಉಮ್ಮನಿಗೆ ಬಿಪಿ.”

“ಅಕ್ಕಾ, ಇಡೀ ದೇಶ ನೋಡುತ್ತೆ. ಹೆತ್ತವಳು ನೋಡಬಾರ್ದಾ? ನೀನು ಅವನನ್ನ ಕಂಬಳಿ ಕೆಳಗೆ ಮುಚ್ಚಿಟ್ಟೆ, ಟಿವಿಯೋರು ಹೊರಗೆ ತಂದ್ರು. ಬಿಡು.”

“ಪುಸ್ತಕ ಓದಿದೀಯಾ ನೀನು?”

“ಓದ್ದೆ ಅಂತ ಎಷ್ಟು ಸಲ ಹೇಳ್ಬೇಕು?” ಎಂದು ಹೊರಟೇಹೋದ.

ಮೊದಲ ದಿನ ಸಂಜೆ ಉಪವಾಸ ಬಿಟ್ಟು, ಸೂಪು ಕುಡಿದು, ಎಣ್ಣೆಯಲ್ಲಿ ಕರಿದ ಬ್ರಿಕ್ ತಿಂದು ಎಲ್ಲರೂ ಕೂತೆವು. ಪಕ್ಕದ ಮನೆಯ ಸಾಲ್ಹಾ ತನ್ನ ಟೀ ಲೋಟ ಹಿಡಿದುಕೊಂಡೇ ಬಂದಳು. ಉಮ್ಮ ಅಳುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ನಾನು ಮಾತ್ರೆ, ನೀರು ಎಲ್ಲ ಹತ್ತಿರ ಇಟ್ಟುಕೊಂಡಿದ್ದೆ. ಉಮ್ಮ ಅಳಲಿಲ್ಲ. ಸಂತೆಯಲ್ಲಿ ಕುರಿ ನೋಡುವವರ ಹಾಗೆ ಕಣ್ಣು ಕಿರಿದು ಮಾಡಿ ನೋಡಿದಳು.

“ಈ ಹುಡುಗನಿಗೆ ಎಷ್ಟೊಂದು ಬಿಳೀ ಹಲ್ಲು!” ಎಂದಳು ಸಾಬಿರನ ಪಾತ್ರದವನನ್ನು ನೋಡಿ. “ಒಳಗೆ ಹಲ್ಲುಜ್ಜೋಕೆ ಇಷ್ಟೊಂದು ಪುರ್ಸೊತ್ತು ಕೊಡ್ತಿದ್ರಾ?”

“ಮಹ್‌ಬೂಬಕ್ಕಾ, ಚೆಲುವ ಅಲ್ವಾ? ನಮ್ಮ ಲುತ್ಫಿನೂ ಹಾಗೇ ಇದ್ದ” ಎಂದಳು ಸಾಲ್ಹಾ, ಉಮ್ಮನ ಕಡೆ ತಿರುಗಿ.

“ಲುತ್ಫಿಗೆ ನಮ್ಮ ಯಜಮಾನ್ರ ಮೂಗು. ಸುಳ್ಳು ಯಾಕೆ ಹೇಳ್ತೀಯೇ ಉಪವಾಸದ ತಿಂಗಳಲ್ಲಿ?”

ಐದನೇ ಕಂತಿನಲ್ಲಿ ತಾಯಿ ಪಾತ್ರದವಳು ಬುತ್ತಿಬುಟ್ಟಿ ಕಟ್ಟಿದಳು. ಉಮ್ಮ ಮುಂದಕ್ಕೆ ಬಾಗಿದಳು. “ಕಿತ್ತಳೆ ಇಟ್ಳು ನೋಡು. ಕಿತ್ತಳೆ ಒಳಗೆ ಬಿಡ್ತಿರಲಿಲ್ಲ. ಮೊಟ್ಟೆನೂ ಅಷ್ಟೆ, ಸುಲಿದು ಕೊಡ್ಬೇಕಿತ್ತು.” ಆಮೇಲೆ ತನ್ನಷ್ಟಕ್ಕೆ, “ಪಾಪ, ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ” ಎಂದಳು.

ದಿನ ಕಳೆದ ಹಾಗೆ ಧಾರಾವಾಹಿ ಕಪ್ಪಾಗುತ್ತ ಹೋಯಿತು. ನೆಲಮಾಳಿಗೆ, ನೀರಿನ ತೊಟ್ಟಿ, ಬಾಗಿಲಾಚೆಯ ಕೂಗು. ಒಂದೆರಡು ಕಡೆ ಸಾಲ್ಹಾ ಎದ್ದು ಹೋದಳು. ನಾನು ರಿಮೋಟಿಗೆ ಕೈ ಹಾಕಿದರೆ ಉಮ್ಮ ನನ್ನ ಮಣಿಕಟ್ಟು ಹಿಡಿಯುತ್ತಿದ್ದಳು. “ಇರ್ಲಿ. ನಾನು ಇಪ್ಪತ್ತೇಳು ವರ್ಷ ಕಣ್ಮುಚ್ಕೊಂಡು ನೋಡಿರೋದನ್ನ ಈಗ ಕಣ್ಬಿಟ್ಟು ನೋಡ್ತೀನಿ.”

ಇಪ್ಪತ್ತೊಂದನೇ ಕಂತಿನಲ್ಲಿ ಸಾಬಿರ್ ಸತ್ತ. ಹೆಸರು ಹೇಳು, ಹೆಸರು ಹೇಳು ಎಂದು ಅಧಿಕಾರಿ ಅಬ್ಬರಿಸಿದ. ಸಾಬಿರ್ ಅವನ ಮುಖಕ್ಕೆ ಉಗುಳಿ, ನೆಟ್ಟಗೆ ನಿಂತು ದೇಶದ ಬಗ್ಗೆ ಎರಡು ನಿಮಿಷ ಮಾತಾಡಿ, ನಗುತ್ತಲೇ ಬಿದ್ದ. ಕೆಳಗಿನ ಕಾಫಿ ಅಂಗಡಿಯಿಂದ ಚಪ್ಪಾಳೆ ಕೇಳಿಸಿತು. ಮುನ್ಸಿಫ್ ಅಳುತ್ತ ಬಂದು ಉಮ್ಮನ ನೆತ್ತಿಗೆ ಮುತ್ತಿಟ್ಟ. “ಸಿಂಹ ಹೆತ್ತಿದೀಯ ಉಮ್ಮಾ, ಸಿಂಹ!”

ಉಮ್ಮ ಅವನ ಬೆನ್ನು ತಟ್ಟಿದಳು.

ಮಾರನೇ ದಿನ ಮಧ್ಯಾಹ್ನ ನಾನು ಶಾಲೆಯಿಂದ ಬಂದು ಸೂಪಿಗೆ ಸೊಪ್ಪು ಹೆಚ್ಚುತ್ತಿದ್ದೆ. ಉಮ್ಮ ಬಂದು ಎದುರಿಗೆ ಕೂತಳು.

“ನಜೀಹಾ, ನಿನ್ನೆ ಸತ್ತನಲ್ಲ, ಆ ಹುಡುಗ ಯಾರೇ?”

“ಇನ್ಯಾರು ಉಮ್ಮಾ...”

“ನನ್ನ ಮಗ ಹತ್ತು ವರ್ಷದವರೆಗೂ ಹಿತ್ತಲಿಗೆ ಒಬ್ಬನೇ ಹೋಗ್ತಿರಲಿಲ್ಲ. ನಾಲ್ಕು ಜನ ಸೇರಿದ್ರೆ ಮಾತೇ ಹೊರಡ್ತಿರಲಿಲ್ಲ ಅವನಿಗೆ. ಆ ಪುಸ್ತಕ ತಗೊಂಡ್ಬಾ. ಕಂಬಳಿ ಕೆಳಗಿದೆಯಲ್ಲ, ಅದು.”

ನಾನು ಚಾಕು ಕೆಳಗಿಟ್ಟೆ.

“ಕಂಬಳಿ ಒಗೆಯೋಳು ನಾನೇ ಅಲ್ವೇನೇ?” ಎಂದಳು.

ಓದಲು ಕೂತೆ. ನಾನು ಹೆದರಿದ್ದ ಪುಟ ಬಂದಾಗ ಹಾರಿಸಿ ಮುಂದಿನ ಹಾಳೆಗೆ ಹೋದೆ.

“ನಿನ್ನ ಕಣ್ಣು ಕೆಳಗಿನವರೆಗೆ ಹೋಗ್ಲಿಲ್ಲ, ಹಾಳೆ ಮಗುಚಿಬಿಟ್ಟೆ” ಎಂದಳು ಉಮ್ಮ. “ಓದೋಕೆ ಬರಲ್ಲ ಅಂತ ನೋಡೋಕೂ ಬರಲ್ವಾ? ಹಿಂದಕ್ಕೆ ಹೋಗು.”

ಹಿಂದಕ್ಕೆ ಹೋದೆ. ಓದಿದೆ. ಸಾಬಿರ್ ಎಂಟು ದಿನ ತಡೆದ. ಒಂಬತ್ತನೇ ದಿನ ಒಂದು ಹೆಸರು ಹೇಳಿದ. ಆ ಹೆಸರು ಕತೆ ಹೇಳುತ್ತಿರುವವನದೇ, ಅಂದರೆ ಹಮ್ಮಾದಿಯವರದು. ಆಮೇಲೆ ಇಬ್ಬರನ್ನೂ ಒಂದೇ ಕೋಣೆಗೆ ತಳ್ಳಿದರು. ಸಾಬಿರ್ ಮೂರು ದಿನ ಗೋಡೆ ಕಡೆ ಮುಖ ಮಾಡಿ ಕೂತಿದ್ದ. ಮಂಗಳವಾರ ಮನೆಯಿಂದ ಬುಟ್ಟಿ ಬಂದಾಗ ಅದನ್ನು ಹಾಗೇ ಗೆಳೆಯನ ಮುಂದೆ ತಳ್ಳಿ, “ನಮ್ಮ ಉಮ್ಮ ಮಾಡಿದ್ದು, ನಾನು ಮುಟ್ಟಿಲ್ಲ” ಎಂದ. ಮುಂದಿನ ಮಂಗಳವಾರವೂ ಹಾಗೇ ಮಾಡಿದ. ಕೊನೆಗೆ ಗೆಳೆಯನೇ ರೊಟ್ಟಿ ಮುರಿದು ಅವನ ಬಾಯಿಗಿಟ್ಟ. ಸಾಯುವ ದಿನ ಅವನಿಗೆ ಉಸಿರು ಸಿಗುತ್ತಿರಲಿಲ್ಲ. ಕೋಣೆಯಲ್ಲಿದ್ದವರು ಬಾಗಿಲು ಬಡಿದೇ ಬಡಿದರು. ಯಾರೂ ಬರಲಿಲ್ಲ. ಸಾಬಿರ್ ಜ್ವರದಲ್ಲಿ ಯಾರನ್ನೋ ಗದರಿಸುತ್ತಿದ್ದ: “ಉಮ್ಮಾ, ಕಿಟಕಿ ತೆಗಿ ಅಂದ್ರೆ ಕೇಳ್ಸಲ್ವಾ?”

ಪುಸ್ತಕ ಮುಚ್ಚಿದೆ. ಉಮ್ಮ ತನ್ನ ತಲೆವಸ್ತ್ರದ ಅಂಚನ್ನು ಮಡಿಸುತ್ತ, ಬಿಚ್ಚುತ್ತ ಕೂತಳು.

“ಎಷ್ಟು ದಿನ ಅಂದೆ?”

“ಎಂಟು ದಿನ ಹೇಳ್ಲಿಲ್ಲ ಉಮ್ಮಾ. ಒಂಬತ್ತನೇ ದಿನ...”

“ಎಂಟು ದಿನ” ಎಂದಳು. “ಅವನಿಗೆ ಒಂದು ಸೂಜಿ ಚುಚ್ಚಿಸೋಕೆ ಮೂರು ಜನ ಹಿಡ್ಕೋಬೇಕಿತ್ತು.”

ಆಗ ಅತ್ತಳು. ಧಾರಾವಾಹಿ ಶುರುವಾದ ಮೇಲೆ ಅದೇ ಮೊದಲು. ಅವಳ ಪಕ್ಕ ಕೂತು ನಾನೂ ಅತ್ತೆ. ಆ ಸಂಜೆ ಸೂಪಿಗೆ ಉಪ್ಪು ಹಾಕಲು ಇಬ್ಬರಿಗೂ ನೆನಪಾಗಲಿಲ್ಲ.

ಎರಡು ದಿನ ಬಿಟ್ಟು, “ಹಮ್ಮಾದಿಗೆ ಫೋನ್ ಮಾಡು” ಎಂದಳು. ಮಾಡಿ ಫೋನನ್ನು ಮೇಜಿನ ಮೇಲಿಟ್ಟೆ.

“ಮಗಾ, ನಾನು ಲುತ್ಫಿಯ ತಾಯಿ. ನಿನ್ನ ಪುಸ್ತಕ ಈಗ ಕೇಳಿಸ್ಕೊಂಡೆ. ಟಿವಿಯಲ್ಲಿ ಬಂದಿದ್ದು ಬೇರೆ.”

“ಅವ್ರು ಬದಲಾಯಿಸಿದ್ರು ಉಮ್ಮಾ. ನಾಯಕ ಹೆಸರು ಹೇಳಿದ್ರೆ ಜನ ಟಿವಿ ಆರಿಸ್ತಾರೆ ಅಂದ್ರು. ನಾನೂ ಸಹಿ ಹಾಕ್ದೆ. ತಪ್ಪಾಯ್ತು.”

“ಅದಿರ್ಲಿ. ನೀನು ಅವತ್ತು ನಮ್ಮನೆಗೆ ಬಂದೆ, ನನ್ನ ಕೈಯಡುಗೆ ಉಂಡೆ. ನಿನ್ನ ಕಾಲು ಹಾಗಾಗಿದ್ದು ನನ್ನ ಮಗನಿಂದ ಅಂತ ಹೇಳ್ಲೇ ಇಲ್ಲ. ಅವನನ್ನ ಕ್ಷಮಿಸಿದೀಯಾ? ಇಲ್ಲ ಅಂದ್ರೂ ಹೇಳು. ನಾನು ಅವನ ಪರವಾಗಿ ಕೇಳ್ತಿದೀನಿ.”

ಲೈನು ಹೋಯಿತೇನೋ ಎಂದು ನಾನು ಫೋನೆತ್ತಿ ನೋಡಿದೆ.

“ಉಮ್ಮಾ” ಎಂದರು ಹಮ್ಮಾದಿ. ಸ್ವರ ಬೇರೆಯಾಗಿತ್ತು. “ಲುತ್ಫಿ ಎಂಟು ದಿನ ತಡೆದ. ನಾನು ಎರಡನೇ ದಿನಾನೇ ಇನ್ನೊಬ್ಬನ ಹೆಸರು ಹೇಳ್ಬಿಟ್ಟೆ. ಅದನ್ನ ಪುಸ್ತಕದಲ್ಲಿ ಬರೀಲಿಲ್ಲ. ಲುತ್ಫಿಗೂ ಹೇಳಿರಲಿಲ್ಲ. ಅವನು ನನ್ನ ಮುಂದೆ ಬುಟ್ಟಿ ಇಟ್ಟಾಗ ಸುಮ್ನೆ ತಿಂದೆ.”

ಉಮ್ಮ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ. ಆ ಪುಸ್ತಕವನ್ನು ನಾನು ಸತ್ಯ ಎಂದೇ ನಂಬಿ ಅಷ್ಟು ವರ್ಷ ಹೆದರಿ ಬಚ್ಚಿಟ್ಟಿದ್ದೆ.

“ನೀನು ಯಾರ ಹೆಸರು ಹೇಳಿದ್ಯೋ, ಅವನು ಇದಾನಾ?”

“ಇದಾನೆ. ಸೂಸ್ ಪಟ್ಟಣದಲ್ಲಿ ಔಷಧಿ ಅಂಗಡಿ ಇಟ್ಕೊಂಡಿದಾನೆ.”

“ಹಾಗಾದ್ರೆ ಹೋಗು ಮಗಾ. ನನ್ನ ಮಗನಿಗೆ ಹೋಗೋಕೆ ಆಗಲ್ಲ. ನೀನು ಕುಂಟ್ಕೊಂಡಾದ್ರೂ ಹೋಗ್ಬೋದು.”

“ಬೈದ್ರೆ?”

“ಬೈಸ್ಕೋ.”

ಉಳಿದ ಕಂತುಗಳನ್ನು ಉಮ್ಮ ಬಿಡದೆ ನೋಡಿದಳು, ಆದರೆ ಬೇರೆ ಯಾವ ಧಾರಾವಾಹಿ ನೋಡಿದರೂ ನೋಡುವ ಹಾಗೆ. ತಾಯಿ ಪಾತ್ರದವಳ ಅಳು ಸಾಕಾಯಿತು ಅನ್ನುತ್ತಿದ್ದಳು, ಅಧಿಕಾರಿಯ ಹೆಂಡತಿಯ ಪರದೆಗಳು ಚೆನ್ನಾಗಿವೆ ಅನ್ನುತ್ತಿದ್ದಳು.

ಈದ್ ದಿನ ಮನೆ ತುಂಬ ಜನ. ಇಪ್ಪತ್ತೇಳು ವರ್ಷ ನಮ್ಮ ಬಾಗಿಲು ದಾಟದವರೂ ಬಂದಿದ್ದರು. ಮುನ್ಸಿಫ್ ಹೊಸ ಅಂಗಿ ಹಾಕಿಕೊಂಡು ಎಲ್ಲರಿಗೂ ಖರ್ಜೂರದ ಸಿಹಿ ಮಕ್ರೂದ್ ಹಂಚುತ್ತಿದ್ದ. ಹಳೆಯ ಹೆಡ್‌ಮಾಸ್ತರರು ಕೈ ಮೇಲೆತ್ತಿ, “ಮಹ್‌ಬೂಬಾ, ನಿನ್ನ ಮಗ ಸಾಯೋವರೆಗೂ ಬಾಯಿ ಬಿಡ್ಲಿಲ್ಲ. ಅಂಥವನು ನಮ್ಮೂರಲ್ಲಿ ಹುಟ್ಟಿದ್ದು ನಮ್ಮ ಪುಣ್ಯ” ಎಂದರು.

ಉಮ್ಮ ಟೀ ತಟ್ಟೆ ಕೆಳಗಿಟ್ಟಳು. “ಬಾಯಿ ಬಿಟ್ಟ ಮಾಸ್ತರೇ. ಹೆಸರು ಹೇಳ್ದ. ಹೆದರಿದ್ದ, ಇನ್ನೂ ಇಪ್ಪತ್ತೊಂದು ತುಂಬದ ಹುಡುಗ. ಟಿವಿಯಲ್ಲಿ ಬಂದವನು ಯಾರೋ, ದೇವರು ಅವನ ತಾಯಿಗೆ ಒಳ್ಳೇದು ಮಾಡ್ಲಿ. ನಾನು ಹೆತ್ತಿದ್ದು ಈ ಹೆದರಿದ ಹುಡುಗನನ್ನ.”

ಸಾಲ್ಹಾ ಬಂದು ಉಮ್ಮನ ಪಕ್ಕ ಕೂತಳು, ಅವಳ ಕೈ ಹಿಡಿದುಕೊಂಡಳು. ಮುನ್ಸಿಫ್ ತಟ್ಟೆಯನ್ನು ಕಿಟಕಿಯ ಮೇಲಿಟ್ಟು ಹೊರಗೆ ಹೋದ. ಹಿಂದೆಯೇ ಹೋದೆ. ಓಣಿಯಲ್ಲಿ ಗೋಡೆಗೊರಗಿ ನಿಂತಿದ್ದ.

“ಒಂದು ತಿಂಗಳು, ಅಕ್ಕಾ. ಒಂದೇ ತಿಂಗಳು ಜನ ನನಗೆ ಎದ್ದು ನಿಂತು ಸಲಾಂ ಹೇಳಿದ್ರು. ಅಷ್ಟೂ ತಡ್ಕೊಳ್ಳೋಕಾಗ್ಲಿಲ್ವಾ ಉಮ್ಮನಿಗೆ?” ಎಂದ. ಆಮೇಲೆ ನನ್ನ ಮುಖ ನೋಡದೆ, “ನಾನು ಪುಸ್ತಕ ಓದಿಲ್ಲ” ಎಂದ.

“ಗೊತ್ತು.”

“ಉಮ್ಮ ಹೇಳಿದ್ದು ನಿಜಾನಾ?”

“ಬಾ, ಓದ್ಕೋ” ಎಂದೆ.

ಒಳಗೆ ಹೋಗಿ ಪುಸ್ತಕ ತಂದುಕೊಟ್ಟೆ. ಅವನು ಅದನ್ನು ಅಂಗಿಯೊಳಗೆ ಸೇರಿಸಿಕೊಂಡು ಅಂಗಡಿಯ ಕಡೆ ನಡೆದ. ಹಬ್ಬದ ದಿನ ಅಂಗಡಿಗೆ ಬೀಗ. ಷಟರ್ ಅರ್ಧ ಎತ್ತಿ ಒಳಗೆ ನುಸುಳಿದ್ದನ್ನು ಬಸ್‌ನಿಲ್ದಾಣದಲ್ಲಿದ್ದವರು ನೋಡಿದರಂತೆ. ಸಂಜೆ ಅವನು ಬಂದಾಗ ಕಣ್ಣು ಊದಿತ್ತು. ಉಮ್ಮನ ಕಾಲ ಹತ್ತಿರ ನೆಲದ ಮೇಲೆ ಕೂತು, “ಲುತ್ಫಿಗೆ ಸೂಜಿ ಅಂದ್ರೆ ಅಷ್ಟೊಂದು ಭಯ ಇತ್ತಾ?” ಎಂದು ಕೇಳಿದ. ಅದು ಪುಸ್ತಕದಲ್ಲಿಲ್ಲ. ಉಮ್ಮನೇ ಯಾವಾಗಲೋ ಹೇಳಿರಬೇಕು.

ಉಮ್ಮ ಹೇಳತೊಡಗಿದಳು.